ಯೂರಿಕ್ ಆಸಿಡ್ಡೂ ಅಣ್ಣನ ಅಂಗೈಯೂ

ನಮ್ಮಣ್ಣನಿಗೆ ಲೋಕದಲ್ಲಿ ಇಬ್ಬರೇ ಶತ್ರುಗಳು. ಒಂದು ಅವನ ಬಲಗಾಲಿನ ಹೆಬ್ಬೆರಳು, ಇನ್ನೊಂದು ನಾನು. ಹೆಬ್ಬೆರಳನ್ನಾದರೂ ಅವನು ಆಗಾಗ ಕ್ಷಮಿಸುತ್ತಿದ್ದ.

ಕಪನೂರಿನ ಬೇಳೆ ಮಿಲ್ಲಿನಲ್ಲಿ ಅವನ ಕೆಲಸ. ನಮ್ಮೂರು ಕಮಲಾಪುರದಿಂದ ದಿನಾ ಬಸ್ಸು. ಮದುವೆಗೆ ಕರೆದರೆ ನೇರ ಅಡಿಗೆಯವರ ಹತ್ತಿರ ಹೋಗಿ, ಹಸಿ ತೊಗರಿಬೇಳೆ ಒಂದನ್ನು ಕಚ್ಚಿ, "ಇದು ಮಹಾಗಾಂವದ ಹೊಲದ್ದು" ಎಂದು ತೀರ್ಪು ಕೊಡುತ್ತಿದ್ದ. ಸರಿಯೋ ತಪ್ಪೋ ಯಾರು ನೋಡಬೇಕು? ಬೇಳೆಗೆ ಬಾಯಿಲ್ಲ, ಅಡಿಗೆಯವರಿಗೆ ಪುರುಸೊತ್ತಿಲ್ಲ.

ಇಂಥವನ ಹೆಬ್ಬೆರಳು ಒಂದು ಬೆಳಿಗ್ಗೆ ಊದಿ ಟೊಮೆಟೊ ಆಯಿತು. ಕಲಬುರಗಿಯ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, "ಯೂರಿಕ್ ಆಸಿಡ್ ಏರ್ಯಾದ. ಗುಳಿಗಿ ತಗೋರಿ, ಬ್ಯಾಳಿ ಬಿಡ್ರಿ" ಎಂದರು.

"ಯಾವ ಬ್ಯಾಳಿರಿ?"

"ಎಲ್ಲಾ ಬ್ಯಾಳಿ."

ಅಣ್ಣ ನನ್ನ ಕಡೆ ತಿರುಗಿ, "ಇವರು ಯಾವ ಊರವರು ಕೇಳು" ಎಂದ.

ಕೇಳಬೇಕಾದ ಮಾತೇ. ತೊಗರಿಯ ಕಣಜವಾದ ಕಲಬುರಗಿಯಲ್ಲಿ ಕೂತು ತೊಗರಿಬೇಳೆ ಬಿಡು ಅನ್ನುವುದು ಯಾವ ನ್ಯಾಯ? ಆದರೆ ಅತ್ತಿಗೆ ತೀರಿಕೊಂಡ ಮೇಲೆ ಅವನಿಗೆ ಬೇಯಿಸಿ ಹಾಕುವವಳು ನಾನು. ನಾಲ್ಕನೇ ಕ್ಲಾಸು ಓದಿದವಳು ಡಾಕ್ಟರ ಮಾತನ್ನು ಡಾಕ್ಟರಿಗಿಂತ ಗಟ್ಟಿಯಾಗಿ ಹಿಡಿದೆ. ಬೇಳೆ ಡಬ್ಬಿ ಕಪಾಟಿಗೆ ಹೋಯಿತು, ಕಪಾಟಿಗೆ ಬೀಗ ಬಿತ್ತು. ಸಂಜೆ ಹೊಸ್ತಿಲಲ್ಲೇ ತಪಾಸಣೆ. ಅವನು ಬಲಗೈ ಚಾಚಬೇಕು, ನಾನು ಮೂಸಬೇಕು. ಬೇಳೆಯ ಬೆಳ್ಳುಳ್ಳಿ ಒಗ್ಗರಣೆ ಸೋಪಿಗೆ ಬಗ್ಗುವಂಥದ್ದಲ್ಲ.

"ಪೊಲೀಸರು ಕಣ್ಣಿಲೆ ಹಿಡೀತಾರ. ನೀ ಮೂಗಿಲೆ ಹಿಡೀತಿ."

"ಕಾಲು ನೋವಾದ್ರ ಒದರಬ್ಯಾಡ ಮತ್ತ."

"ಕಾಲು ನಂದು."

"ಒತ್ತೋ ಕೈ ನಂದು."

ಹೀಗೇ ವರ್ಷಗಳು ಕಳೆದವು. ಒಂದು ಸಂಜೆ ಅವನು ದಾರಿಯ ಮಹಾಗಾಂವದಲ್ಲೇ ಬಸ್ಸಿಳಿದು, ಕತ್ತಲಾದ ಮೇಲೆ ಯಾರದೋ ಬೈಕಿನಲ್ಲಿ ಮನೆಗೆ ಬಂದ. ಯಾಕೆ ಇಳಿದೆ ಎಂದರೆ, "ನಮ್ಮೂರು ಬಂತಂತ ಇಳಿದೀನಿ" ಎಂದ. ನಲವತ್ತು ದಾಟಿದ ಹೆಂಗಸಿಗೆ ಹೇಳುವ ಸುಳ್ಳೇ ಇದು? ಕೈ ಮೂಸಿದೆ. ವಾಸನೆ ಇಲ್ಲ. ಚಮಚದಲ್ಲಿ ತಿಂದು ಬಂದಿದ್ದಾನೆ ಎಂದು ತೀರ್ಮಾನಿಸಿದೆ.

ಆಮೇಲೆ, ಊಟ ಮಾಡಿದ ಕೈ ಆರುವ ಮೊದಲೇ "ಉಂಡಿಲ್ಲ" ಎಂದು ತಾಟಿನ ಮುಂದೆ ಕೂರತೊಡಗಿದ. ಬೇಳೆಗಾಗಿ ನಾಟಕ ಎಂದುಕೊಂಡೆ. ನೆರೆಯವರನ್ನು ಕರೆದು, "ನೋಡ್ರಿ ಈ ಕಳ್ಳನ್ನ" ಎಂದೆ. ಅವರು ನಕ್ಕರು. ಅಣ್ಣನೂ ನಕ್ಕ, ಯಾರನ್ನು ಕುರಿತು ನಗುತ್ತಿದ್ದಾರೆಂದು ತಿಳಿಯದವನಂತೆ.

ಒಂದು ದಿನ ನಾನು ಹಬ್ಬಕ್ಕೆಂದು ಬೇಳೆ ಆರಿಸುತ್ತಿದ್ದಾಗ ಅವನೇ ಬಂದು ಒಂದನ್ನು ಬಾಯಿಗೆ ಹಾಕಿಕೊಂಡ. ನಾನು ತೀರ್ಪಿಗೆ ಕಾದೆ.

"ಇದೇನವ್ವಾ?" ಎಂದ.

ಮತ್ತೆ ಅದೇ ಡಾಕ್ಟರು. ಈ ಸಲ ಮರೆವಿನ ರೋಗ ಎಂದರು. ಯೂರಿಕ್ ಆಸಿಡ್ಡಿನಿಂದಲೇ ಬಂತೇ ಎಂದು ಕೇಳಿದೆ.

"ಅದು ಏರಿದ್ರ ರಕ್ತನಾಳ ಕೆಟ್ಟು ಮರೆವು ಬರಬಹುದು ಅಂತ ಕೆಲವರು ಅಂತಾರ. ಅದು ಮಿದುಳಿಗೆ ಕಾವಲು, ಭಾಳ ಇಳಿದ್ರೂ ಚಲೋ ಅಲ್ಲ ಅಂತ ಇನ್ನ ಕೆಲವರು. ಖಾತ್ರಿ ಯಾರಿಗೂ ಇಲ್ಲವ್ವಾ."

ನನ್ನ ಮೈಯೆಲ್ಲ ಉರಿಯಿತು. ಅದೇ ಕಳ್ಳ, ಅದೇ ಕಾವಲುಗಾರ! ಹಾಗಾದರೆ ನಾನು ಇಷ್ಟು ವರ್ಷ ಬೀಗ ಹಾಕಿದ್ದು ಯಾರಿಗೆ? "ಬ್ಯಾಳಿ ಬಿಡಿಸಿದ್ದಕ್ಕ ಹಿಂಗಾತಂತ ತಿಳೀಬ್ಯಾಡ್ರಿ" ಎಂದು ಡಾಕ್ಟರು ಸಮಾಧಾನ ಹೇಳಿದರು. ಅದನ್ನು ನಂಬಿದೆ. ಆದರೆ ರೋಗವನ್ನು ಕಳ್ಳತನ ಎಂದು ಬೈದವಳಿಗೆ ಯಾವ ಡಾಕ್ಟರು ಏನು ಹೇಳಿಯಾರು?

ಮರುದಿನ ಬೇಳೆ ಬೇಯಿಸಿ, ಬೆಳ್ಳುಳ್ಳಿ ಒಗ್ಗರಣೆ ಹಾಕಿ, ರೊಟ್ಟಿ ಮುರಿದು ತಾಟು ಮುಂದಿಟ್ಟೆ. ಅಣ್ಣ ಬಾಗಿಲ ಕಡೆ ನೋಡಿ ನೋಡಿ ಗಬಗಬ ಉಂಡ. ಆಮೇಲೆ ನನ್ನ ಹತ್ತಿರ ಬಾಗಿ ಪಿಸುಗುಟ್ಟಿದ.

"ಲಗೂನ ಸೋಪು ಕೊಡವ್ವಾ. ನನ್ನ ತಂಗಿ ಬಂದ್ರ ಕೈ ಮೂಸ್ತಾಳ."

"ಭಾಳ ಕೆಟ್ಟಾಕಿ ಏನ್ರಿ ಆಕಿ?"

"ಛೇ, ಅಲ್ಲ. ನನ್ನ ಕಾಲು ನೋವಾದ್ರ ಆಕಿ ಮಲಗಂಗಿಲ್ಲ."

ನೀರು ಹಾಕಿದೆ. ಉಜ್ಜಿ ಉಜ್ಜಿ ತೊಳೆದು, ಅಂಗೈಯನ್ನು ನನ್ನ ಮೂಗಿನ ಹತ್ತಿರ ಹಿಡಿದ. "ವಾಸನಿ ಹೋತೇನು?"

ಬೆಳ್ಳುಳ್ಳಿ ಘಮ್ಮೆನ್ನುತ್ತಿತ್ತು.

"ಹೋತಣ್ಣಾ," ಎಂದೆ.