ಅಟ್ಯಾಚ್‌ಮೆಂಟ್ ಕಾಣಿಸುತ್ತಿಲ್ಲ

ಹೆಂಡತಿ ತಿದ್ದಿಕೊಟ್ಟ ಇಂಗ್ಲಿಷ್ ಪತ್ರಗಳಿಗೆ ಹದಿನೆಂಟು ವರ್ಷ ಸಹಿ ಹಾಕಿದ ಹೆಡ್ ಗುಮಾಸ್ತರಿಗೆ ಅಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ಪೌರುಷ ಉಕ್ಕಿತು. ಸೂಪರಿಂಟೆಂಡೆಂಟ್ ಹುದ್ದೆಗೆ ಅರ್ಜಿ ಹಾಕಲು ಅಂದೇ ಕಡೆಯ ದಿನ. ಸಂಜೆ ಐದರೊಳಗೆ ಅರ್ಜಿ ಇಮೇಲಿನಲ್ಲಿ ಆಫೀಸಿನ ಮುಖ್ಯಸ್ಥೆ ಮೇಡಂ ಕೈ ಸೇರಬೇಕು. ಸೇರದಿದ್ದರೆ ಪಕ್ಕದ ಮೇಜಿನವ, ಇವರ ಕೈಕೆಳಗೇ ಕೆಲಸ ಕಲಿತವ, ಆ ಕುರ್ಚಿಯಲ್ಲಿ ಕೂತು ಇವರಿಂದಲೇ ಕಡತ ತರಿಸಿಕೊಳ್ಳುತ್ತಾನೆ.

“ಈ ಸಲ ಪತ್ರ ನಾನೇ ಬರೀತೀನಿ ಕಣೇ. ನಿನ್ನ ಕೆಂಪು ಪೆನ್ನಿಗೆ ಇವತ್ತು ರಜಾ.”

ಹೆಂಡತಿ ಶಾಲೆಯಲ್ಲಿ ಇಂಗ್ಲಿಷ್ ಟೀಚರು. ಉತ್ತರಪತ್ರಿಕೆಗಳನ್ನು ಚೀಲಕ್ಕೆ ತುಂಬುತ್ತ, “ಬರೀರಿ, ಯಾರು ಬೇಡ ಅಂದ್ರು? ಕಳಿಸೋ ಮುಂಚೆ ಒಂದ್ಸಲ ನನಗೆ ತೋರಿಸಿ” ಎಂದಳು.

“ತೋರಿಸೋ ಮಾತೇ ಇಲ್ಲ.”

ಅರ್ಜಿ, ಫೋಟೊ, ಪ್ರಮಾಣಪತ್ರ ಎಲ್ಲವೂ ಆಫೀಸಿನ ಕಂಪ್ಯೂಟರಿನಲ್ಲಿ ಒಂದು ಫೈಲಾಗಿ ಸಿದ್ಧವಿತ್ತು. ‘ಲಗತ್ತಿಸಿದ್ದೇನೆ’ ಎಂದು ಬರೆಯುವುದೊಂದೇ ಬಾಕಿ. ಅದಕ್ಕೆ ‘ಅಟ್ಯಾಚ್’ ಎನ್ನುತ್ತಾರೆಂದು ಗುಮಾಸ್ತರಿಗೆ ಗೊತ್ತಿತ್ತು. ಆದರೂ ಎಡವಟ್ಟಾಗದಿರಲಿ ಎಂದು ನಿಘಂಟು ತೆರೆದರು. ಅಂಟಿಸು, ಜೋಡಿಸು, ಲಗತ್ತಿಸು, ಆಸ್ತಿ ಜಪ್ತಿ ಮಾಡು, ಪ್ರೀತಿಯಿಂದ ಹಚ್ಚಿಕೊಳ್ಳು. ಅಬ್ಬಬ್ಬಾ, ಒಂದು ಪದಕ್ಕೆ ಎಷ್ಟು ದೊಡ್ಡ ಸಂಸಾರ! ಬಚ್ಚಲುಮನೆಗೂ ಅದೇ, ಪ್ರೇಮಕ್ಕೂ ಅದೇ. ಗುಮಾಸ್ತರು ಮೀಸೆ ತಿರುವಿ ಬರೆದರು: ‘ಡಿಯರ್ ಮೇಡಂ, ಐ ಆ್ಯಮ್ ಅಟ್ಯಾಚ್ಡ್ ಟು ಯು. ಕೈಂಡ್ಲಿ ಓಪನ್ ಅಂಡ್ ಸೀ.’ ಬರೆದ ಸಂಭ್ರಮದಲ್ಲಿ ಫೈಲು ಜೋಡಿಸುವುದನ್ನು ಮರೆತು, ಬರೀ ಪತ್ರವನ್ನೇ ಕಳಿಸಿಬಿಟ್ಟರು.

ಅರ್ಧ ಗಂಟೆಯಲ್ಲಿ ಮೇಡಂ ಉತ್ತರ ಬಂತು: ‘ಅಟ್ಯಾಚ್‌ಮೆಂಟ್ ಕಾಣಿಸುತ್ತಿಲ್ಲ.’

ಗುಮಾಸ್ತರು ಆ ಸಾಲನ್ನು ಎರಡು ಸಲ ಓದಿದರು. ಫೈಲು ಹೋಗಿದೆ ಎಂಬುದರಲ್ಲಿ ಅವರಿಗೆ ಸಂಶಯವೇ ಇರಲಿಲ್ಲ. ಹಾಗಾದರೆ ಮೇಡಂ ಕೇಳುತ್ತಿರುವುದು ಇನ್ನೊಂದು ಅರ್ಥದ್ದು. ಆರು ವರ್ಷದಿಂದ ದುಡಿಯುತ್ತಿರುವ ಈ ಆಫೀಸಿನ ಮೇಲೆ ನನಗೆ ಮಮತೆಯಿಲ್ಲ ಎಂದು ಯಾರೋ ಚಾಡಿ ಹೇಳಿದ್ದಾರೆ! ತಡಮಾಡದೆ ಬರೆದರು: ‘ಅಟ್ಯಾಚ್‌ಮೆಂಟ್ ಈಸ್ ದೇರ್ ಮೇಡಂ. ಸಿಕ್ಸ್ ಇಯರ್ಸ್. ಹೋಲ್ ಆಫೀಸ್ ನೋಸ್.’

ಇದಕ್ಕೆ ಉತ್ತರ ಬರಲಿಲ್ಲ. ಮೇಡಂ ಕೋಣೆಯ ಬಾಗಿಲು ಮಾತ್ರ ದಡಾರನೆ ಮುಚ್ಚಿಕೊಂಡಿತು. ನಾಲ್ಕೂವರೆಗೆ ಗುಮಾಸ್ತರು ಪೌರುಷವನ್ನು ಜೇಬಿಗಿಳಿಸಿ ಹೆಂಡತಿಗೆ ಫೋನು ಮಾಡಿ ಎರಡೂ ಪತ್ರ ಓದಿದರು.

ಹೆಂಡತಿ ಅದನ್ನು ಕನ್ನಡಕ್ಕೆ ಬಿಡಿಸಿ ಹೇಳಿದಳು.

“ರೀ, ನಾನು ನಿಮ್ಮನ್ನ ಹಚ್ಕೊಂಡಿದೀನಿ ಅಂತ ಬರ್ದಿದೀರಿ. ಆರು ವರ್ಷದಿಂದ ಅಂತೆ. ಇಡೀ ಆಫೀಸಿಗೇ ಗೊತ್ತಂತೆ.”

“ಅಯ್ಯೋ, ನಾನು ಅರ್ಜಿ ವಿಷಯ ಕಣೇ ಹೇಳಿದ್ದು.”

“ಹದಿನೆಂಟು ವರ್ಷದಲ್ಲಿ ನನಗೆ ಒಂದ್ಸಲಾನೂ ಹೀಗೆ ಬರೀಲಿಲ್ಲ ನೀವು.”

ಗುಮಾಸ್ತರಿಗೆ ನಿಜಕ್ಕೂ ನಾಚಿಕೆಯಾಯಿತು. ಅಷ್ಟರಲ್ಲಿ ಅವಳೇ ಕೇಳಿದಳು: “ಹೋಗ್ಲಿ, ಫೈಲು ಹೋಗಿದ್ಯಾ? ಪತ್ರದ ಪಕ್ಕ ಪಿನ್ನಿನ ಗುರುತು ಇದ್ಯಾ ನೋಡಿ.”

“ಯಾವ ಪಿನ್ನು?”

“ನೋಡಿದ್ರಾ? ಪ್ರೀತಿ ಹೋಗಿದೆ, ಅರ್ಜಿ ಇಲ್ಲೇ ಇದೆ.”

ಅವಳು ಒಂದೇ ಸಾಲು ಹೇಳಿ ಬರೆಸಿದಳು. ಕ್ಷಮೆ ಕೇಳುವ ಇನ್ನೊಂದು ಸಾಲನ್ನು ತಾನಾಗಿಯೇ ಸೇರಿಸಿದಳು. ಫೈಲು ಅಂಟಿಕೊಂಡು ಹೊರಟಾಗ ಐದಕ್ಕೆ ಎರಡೇ ನಿಮಿಷವಿತ್ತು.

ವಾರ ಕಳೆದು ಆದೇಶ ಬಂತು. ಗುಮಾಸ್ತರು ಲಕೋಟೆ ಒಡೆಯದೆ ನೇರ ಮನೆಗೆ ತಂದು ಹೆಂಡತಿಯ ಕೈಗಿಟ್ಟು, ಎದುರಿಗೇ ನಿಂತರು.

“ಹುದ್ದೆ ನಿಮಗೇ ಸಿಕ್ಕಿದೆ ರೀ!” ಎಂದಳು ಅವಳು. ಆಮೇಲೆ ಕೆಳಗಿನ ಸಾಲಿಗೆ ಬಂದು ಕನ್ನಡಕ ಸರಿಮಾಡಿಕೊಂಡಳು. “ಊರಾಚೆ ಗೋದಾಮಿದ್ಯಲ್ಲ, ಮೇಡಂ ನಿಮ್ಮನ್ನ ಅಲ್ಲಿಗೆ ಅಟ್ಯಾಚ್ ಮಾಡಿದಾರೆ.”

“ಅಟ್ಯಾಚಾ? ಪ್ರೀತಿಯಿಂದಾನಾ?”

“ಅಲ್ಲ ರೀ. ದೂರ ಇರ್ಲಿ ಅಂತ.”