ಅನ್ಸೆಲ್ಮೊನ ಕಾರಿಗೆ ಗಂಟಲು ಬಂದದ್ದು

ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ ಮೇಲೂ ಅನ್ಸೆಲ್ಮೊ ಮಗ್ತಿಬಾಯ್‌ಗೆ ಊರಿನಲ್ಲಿ ಸ್ವಂತ ಹೆಸರಿರಲಿಲ್ಲ. 'ನೋರಿಂಗ್ ಗಂಡ' ಎಂದರೆ ಮಾತ್ರ ಜನಕ್ಕೆ ಗುರುತು ಹತ್ತುತ್ತಿತ್ತು. ಬರಂಗಾಯ್ ಎಂಬ ಊರ ಪಂಚಾಯ್ತಿಯ ಸಭೆಯಲ್ಲಿ ಸದಸ್ಯೆ ನೋರಿಂಗ್ ಬಾಯಿ ತೆರೆದರೆ ಮುಖ್ಯಸ್ಥನೇ ಬಾಯಿ ಮುಚ್ಚುತ್ತಿದ್ದ. ಮನೆಯಲ್ಲಿ ಅನ್ಸೆಲ್ಮೊ ಬಾಯಿ ತೆರೆಯುತ್ತಿದ್ದುದು ಊಟಕ್ಕೆ ಮತ್ತು ಆಕಳಿಕೆಗೆ. (ಆಕಳಿಕೆಗೂ ಒಮ್ಮೊಮ್ಮೆ ಬೈಗುಳ ಬೀಳುತ್ತಿತ್ತು.) ಅವನ ಹಳೆಯ ಕಾರಿನ ಮರ್ಯಾದೆಯೂ ಅಷ್ಟೇ. ಅದು ಬಂದರೆ ಬೀದಿಯ ಕೋಳಿ ಕೂಡ ಪಕ್ಕಕ್ಕೆ ಸರಿಯುತ್ತಿರಲಿಲ್ಲ.

ತಾನು ಬಂದಾಗ ನಾಲ್ಕು ಜನ ತಿರುಗಿ ನೋಡಬೇಕು! ಈ ಮಹತ್ವಾಕಾಂಕ್ಷೆಯಿಂದ ಅವನು ಮನಿಲಾದಿಂದ ಒಂದು ಸೈಲೆನ್ಸರ್ ಕೊಳವೆ ತರಿಸಿದ. ಹೆಸರಿಗೆ ಸೈಲೆನ್ಸರ್, ಗುಣದಲ್ಲಿ ಕುಂಭಕರ್ಣನ ಗೊರಕೆ. ಶನಿವಾರ ನೋರಿಂಗ್ ಸಭೆಗೆ ಹೊರಟಳು. ಗಲಾಟೆ ಕೊಳವೆಗಳನ್ನು ನಿಷೇಧಿಸುವ ಅವಳದೇ ನಿಯಮ ಅಂದು ಪಾಸಾಗಬೇಕಿತ್ತು. ಅದು ಅನ್ಸೆಲ್ಮೊಗೆ ಗೊತ್ತಿತ್ತು. ಆದರೆ ಆ ನಿಯಮ ಬೈಕಿನ ಪುಂಡರಿಗೆ, ಸದಸ್ಯೆಯ ಗಂಡನಿಗಲ್ಲ ಎಂಬುದು ಅವನ ಸ್ವಂತ ಕಾನೂನು ಪಾಂಡಿತ್ಯ.

ಕಾರಿನ ಹಿಂಭಾಗ ಜ್ಯಾಕಿನ ಮೇಲೆ ಏರಿದ್ದೇ ತಡ, ಗೆಳೆಯ ಇಸ್ಕೊ ಸ್ಪ್ಯಾನರ್ ಹಿಡಿದು ಬಂದ. ಡೆಲ್ಫಿನ್ ತೆಂಗಿನ ಸಾರಾಯಿ ಹಿಡಿದು ಬಂದ. ಊರ ಪದ್ಧತಿಯಂತೆ ಕೈಜೋಡಿಸಲು ಬಂದವರಿಗೆ ಒಂದೇ ಲೋಟ ಸುತ್ತು ಹಾಕಬೇಕು, ಸರದಿ ತಪ್ಪಿಸಿದವನು ಸ್ನೇಹದ್ರೋಹಿ. ನೋರಿಂಗಳ ಮೂಗಿಗೆ ಹೆದರಿ ಅನ್ಸೆಲ್ಮೊ ಸುರಿಯುವ ಕೆಲಸ ಮಾತ್ರ ವಹಿಸಿಕೊಂಡ.

"ಒಂದು ಬೋಲ್ಟಿಗೆ ಒಂದು ಸುತ್ತು!" ಎಂದು ಡೆಲ್ಫಿನ್ ಶಾಸನ ಹೊರಡಿಸಿದ.

ಹಳೆಯ ಕೊಳವೆ ಬಿಚ್ಚಲು ನಾಲ್ಕು ಸುತ್ತು, ಹೊಸದನ್ನು ಎತ್ತಿ ಹಿಡಿಯಲು ಎರಡು. ಮೂರನೆಯ ಬೋಲ್ಟಿನ ಹೊತ್ತಿಗೆ ಇಸ್ಕೊ ಕಾರಿನಡಿಯಲ್ಲಿ ಹಾಡುತ್ತಿದ್ದ.

"ನಾಲ್ಕನೇದು ಬಿಗಿ ಆಯ್ತೇನೋ ದೋಸ್ತ್?" ಎಂದ ಅನ್ಸೆಲ್ಮೊ.

"ಡೆಲ್ಫಿನ್ ಮಾಡ್ದ."

"ನಾನೆಲ್ಲಿ? ಇಸ್ಕೊ ಮಾಡಿದ್ದು!"

"ಹಂಗಾದ್ರೆ ಇಬ್ರೂ ಮಾಡಿದೀವಿ, ಡಬಲ್ ಬಿಗಿ. ಸುರಿಯೋ!"

ಹೀಗೆ ಬಹುಮತದಿಂದ ಬಿಗಿಯಾದ ಬೋಲ್ಟನ್ನು ನಂಬಿ ಅನ್ಸೆಲ್ಮೊ ಕಾರು ಶುರು ಮಾಡಿದ. ಅಬ್ಬಾ, ಎಂಥ ಗರ್ಜನೆ! ನಾಯಿಗಳು ಓಡಿದವು, ಕಿಟಕಿಗಳು ತೆರೆದವು, ಜನ ತಿರುಗಿ ನೋಡಿದರು. ಅವನ ಕಣ್ಣಲ್ಲಿ ಆನಂದಬಾಷ್ಪ. ಮನೆಗೆ ಮರಳಬೇಕೆಂದು ಬುದ್ಧಿ ಹೇಳಿತು. ಆದರೆ ಕಾಲು ಆಕ್ಸಿಲರೇಟರ್ ಮೇಲಿತ್ತು, ಬುದ್ಧಿ ಅಷ್ಟು ದೂರ ತಲುಪಲಿಲ್ಲ.

ಬರಂಗಾಯ್ ಕಚೇರಿಯ ಮುಂದಿನ ಉಬ್ಬು ಹಾಯುತ್ತಲೇ ಢಣಾರ್ ಎಂದು ಕೊಳವೆ ಕಳಚಿ, ಉರುಳುತ್ತ ಹೋಗಿ ಮೆಟ್ಟಿಲ ಬಳಿ ನಿಂತಿತು. ಮೆಟ್ಟಿಲ ಮೇಲೆ ನೋರಿಂಗ್. ಕೈಯಲ್ಲಿ ಐದೇ ನಿಮಿಷದ ಹಿಂದೆ ಸಹಿ ಬಿದ್ದ ನಿಯಮ. ಸುತ್ತ ಇಡೀ ಸಭೆ.

"ಹೆಸರು?" ಅವಳು ದಂಡದ ಪುಸ್ತಕ ತೆರೆದಳು.

"ನೋರಿಂಗ್, ನಾನು ಕಣೇ!"

"ಪೂರ್ತಿ ಹೆಸರು ಹೇಳಿ, ಸ್ವಾಮಿ."

"ಅನ್ಸೆಲ್ಮೊ... ಮಗ್ತಿಬಾಯ್."

"ಮದುವೆ ಆಗಿದೆಯಾ?"

"ನಿನಗೆ ಗೊತ್ತಿಲ್ವೇನೇ?"

"ಸದ್ಯಕ್ಕೆ ಆಗಿದೆ ಅಂತ ಬರ್ಕೊಳ್ತೀನಿ."

ಜನ ಕೇಕೆ ಹಾಕಿ ಚಪ್ಪಾಳೆ ತಟ್ಟಿದರು. ಗಂಡನನ್ನೂ ಬಿಡದ ಹೆಣ್ಣು, ಮುಂದಿನ ಸಲ ಇವಳೇ ಮುಖ್ಯಸ್ಥೆ ಎಂದು ಅಲ್ಲೇ ತೀರ್ಮಾನವೂ ಆಯಿತು. ಅನ್ಸೆಲ್ಮೊಗೆ ಹೊಟ್ಟೆ ಉರಿಯಿತು, ಸ್ವಲ್ಪ ಹೆಮ್ಮೆಯೂ ಆಯಿತು. (ಅದನ್ನು ಅವನು ಯಾರಿಗೂ ಹೇಳಲಿಲ್ಲ.) ಕೊಳವೆ ಜಪ್ತಿಯಾಯಿತು. ಕೊಳವೆಯಿಲ್ಲದ ಕಾರು ಇನ್ನೂ ಜೋರಾಗಿ ಅರಚುವುದರಿಂದ ಅದನ್ನು ಶುರು ಮಾಡುವಂತಿರಲಿಲ್ಲ. ನೋರಿಂಗ್ ಸ್ಟೀರಿಂಗ್ ಹಿಡಿದು ಕುಳಿತಳು. ಅನ್ಸೆಲ್ಮೊ ಉರಿಬಿಸಿಲಲ್ಲಿ ಹಿಂದಿನಿಂದ ತಳ್ಳತೊಡಗಿದ.

ದಾರಿಯಲ್ಲಿ ಅಂಗಡಿಯ ಅಜ್ಜಿ ಇಣುಕಿದಳು. "ಏನಮ್ಮ ನೋರಿಂಗ್, ಕಾರು ಕೆಟ್ಟೋಯ್ತಾ?"

"ಕಾರು ಚೆನ್ನಾಗೇ ಇದೆ ಅಜ್ಜಿ. ಕೆಟ್ಟಿರೋದು ಹಿಂದೆ ತಳ್ತಾ ಇದೆ."