ಮಾವಿನ ಮರದ ಬುಡದಲ್ಲಿ ಮೇಷ್ಟ್ರ ಹೂದೋಟ

ಮಾವಿನ ಮರದ ಕೆಳಗೆ ಹೂದೋಟ ಮಾಡೋಕೆ ಹೋಗಿ ನೋಡಿ, ಫಜೀತಿಗಳು ತಾವಾಗಿಯೇ ವಿಳಾಸ ಹುಡುಕಿಕೊಂಡು ಬರುತ್ತವೆ. ಅರವತ್ತರ ದಶಕದಲ್ಲಿ ನಾನು ದೇವನಹಳ್ಳಿ ಹತ್ತಿರದ ಒಂದು ಸ್ಕೂಲಲ್ಲಿ ಮೇಷ್ಟ್ರು. ಅಂಗಳದಲ್ಲಿ ಎರಡು ಭಾರಿ ಮಾವಿನ ಮರ. ಅವುಗಳ ಬುಡದಲ್ಲಿ ಹೂ ಅರಳಿಸೋ ಕೆಲಸವನ್ನ ಹೆಡ್‌ಮೇಷ್ಟ್ರು ನನ್ನ ತಲೆಗೆ ಕಟ್ಟಿದರು. ಆಗಷ್ಟೇ ಹೊಸಕೋಟೆ ಕಡೆ ಒಂದು ಹೆಣ್ಣು ನೋಡಿ ಬಂದಿದ್ದೆ, ಮನಸ್ಸು ಅಲ್ಲೇ ಉಳಿದಿತ್ತು. ಅವರ ಕಡೆಯವರು ನನ್ನ ವಿಚಾರಿಸೋಕೆ ಯಾವತ್ತು ಬೇಕಾದರೂ ಬರಬಹುದು. ಊರಲ್ಲಿ ಯಾರು ಏನು ಹೇಳಿಬಿಡ್ತಾರೋ ಅಂತ ನನಗೆ ಪುಕುಪುಕು.

ಗುಲಾಬಿ

ಹೆಡ್‌ಮೇಷ್ಟ್ರಿಗೆ ಗುಲಾಬಿಯೇ ಬೇಕು. ನೆರಳಿಗೆ ಗಿಡ ಸೊರಗಿ ಕಡ್ಡಿ ಆದವು. ಕುಂಡದಲ್ಲಿ ನೆಟ್ಟು ಬೆಳಗ್ಗೆ ಬಯಲಲ್ಲಿಡಿ, ಸಂಜೆ ತಂದು ಮರದ ಕೆಳಗೆ ಜೋಡಿಸಿ ಅಂತ ಅವರೇ ಉಪಾಯ ಹೇಳಿದರು. ಹೊತ್ತು ಹೊತ್ತು ನನ್ನ ಸೊಂಟ ಬಿದ್ದುಹೋಯ್ತು. ಒಂದು ಮಧ್ಯಾಹ್ನ ಸ್ಕೂಲ್ ಇನ್‌ಸ್ಪೆಕ್ಟರು ಬಂದು, ತೋಟ ಎಲ್ಲಿ ಅಂದರು.

ಹೆಡ್‌ಮೇಷ್ಟ್ರು ಸ್ವಲ್ಪವೂ ಅಳುಕದೆ, "ಬಿಸಿಲಿಗೆ ಹೋಗಿದೆ ಸಾರ್, ಸಂಜೆ ಬರ್ತದೆ" ಅಂದರು.

ತೋರಣ

ಈ ಸುದ್ದಿ ಹೊಸಕೋಟೆ ಮುಟ್ಟದಿದ್ದರೆ ಸಾಕಪ್ಪ ಅಂದುಕೊಂಡು ನೆಲದಲ್ಲೇ ಸೇವಂತಿಗೆ ಹಾಕಿದೆ. ಒಂದೆರಡು ಕೊಂಬೆ ಕಡಿದರೆ ಬೆಳಕು ಬೀಳುತ್ತೆ ಅಂದರೆ ಹೆಡ್‌ಮೇಷ್ಟ್ರು ಒಪ್ಪಲಿಲ್ಲ, ಅವರಿಗೆ ಹಣ್ಣಿನ ಆಸೆ. ಅಷ್ಟರಲ್ಲಿ ಯುಗಾದಿ ಬಂತು. ತೋರಣಕ್ಕೆ ಒಂದೇ ಒಂದು ಹಿಡಿ ಸೊಪ್ಪು ಅಂತ ಇಡೀ ಊರೇ ಬಂತು. ಮಾರನೇ ದಿನ ನೋಡ್ತೀನಿ, ಮರದ ಕೆಳಗೆ ಭರ್ಜರಿ ಬಿಸಿಲು. ಸೇವಂತಿಗೆ ಮಾತ್ರ ಎಲ್ಲರ ಕಾಲಿಗೆ ಸಿಕ್ಕಿ ಚಟ್ನಿ ಆಗಿತ್ತು.

ಕನಕಾಂಬರ

ಮರ ಮತ್ತೆ ಚಿಗುರಿ ಮುಚ್ಚಿಕೊಂಡಿತು. ಈ ಸಲ ಕನಕಾಂಬರ ಹಾಕಿದೆ, ನೆರಳನ್ನ ತಡ್ಕೊಳ್ತು. ಆದರೆ ಮಳೆ ಬಂದರೂ ಆ ಬುಡಕ್ಕೆ ಹನಿ ಇಳಿಯೋದಿಲ್ಲ. ಅವತ್ತು ಸೋನೆ ಮಳೆ. ಕೊಡೆ ಹಿಡ್ಕೊಂಡು ಬಾವಿಯಿಂದ ಬಕೆಟ್ಟಲ್ಲಿ ನೀರು ತಂದು ಗಿಡಕ್ಕೆ ಹಾಕ್ತಿದ್ದೆ. ತಿರುಗಿದರೆ ಹಿಂದೆ ಹುಡುಗಿಯ ತಂದೆ! ನನ್ನ ವಿಚಾರಿಸೋಕೆ ಬಂದವರು ಬಾಯಿ ಬಿಟ್ಕೊಂಡು ನಿಂತಿದ್ದಾರೆ. ಮದುವೆ ಮುರೀತು ಅಂದುಕೊಂಡೆ.

ಮಣ್ಣು ಕೆದಕಿ ತೋರಿಸಿದೆ, ಬೂದಿ ಥರ ಒಣಗಿತ್ತು. ಅವರು ಮುಟ್ಟಿ ನೋಡಿ ಅಯ್ಯೋ ಪಾಪ ಅಂತ ಬಕೆಟ್ಟು ಇಸ್ಕೊಂಡು ತಾವೇ ನೀರು ಹಾಕೋಕೆ ಶುರು ಮಾಡಿದರು. ನಾನು ಖುಷಿಯಿಂದ ಇನ್ನೊಂದು ಬಕೆಟ್ಟು ತರೋಕೆ ಬಾವಿಗೆ ಓಡಿದೆ.

ನೀರು ಸೇದಿ ತಿರುಗಿದರೆ ನಮ್ಮ ದೊಡ್ಡಪ್ಪ. ಸಂಬಂಧದ ಮಾತಾಡೋಕೆ ಊರಿಂದ ಬಂದಿದ್ದರು. ಮಳೆಯಲ್ಲಿ ಗಿಡಕ್ಕೆ ನೀರು ಹಾಕ್ತಿದ್ದ ಬೀಗರನ್ನು ದೂರದಿಂದಲೇ ನೋಡಿದರು. ನನ್ನ ಕೈಲಿದ್ದ ತುಂಬಿದ ಬಕೆಟ್ಟನ್ನೂ ನೋಡಿದರು. ಆಮೇಲೆ ಕಿವಿ ಹತ್ತಿರ ಬಂದು ಮೆಲ್ಲಗೆ ಹೇಳಿದರು:

"ಅವರಿಗೆ ತಲೆ ನೆಟ್ಟಗಿಲ್ಲ ಕಣೋ. ನಿಂದೂ ಅಷ್ಟೇ ಅಂತ ಅವರಿಗೆ ಗೊತ್ತಾಗೋ ಮುಂಚೆ ಇವತ್ತೇ ತಾಂಬೂಲ ಬದಲಾಯಿಸ್ಬಿಡೋಣ."